ಒಂದೇ ಹಸಿರು ಚೌಕ

ಕಾಡು ಕಡಿದರೆ ಕಟ್ಟಿಗೆ ಬರುತ್ತದೆ, ಆದರೆ ಒಂದೇ ಸಲ. ಕಡಿಯದೆ ಬಿಟ್ಟು ಅಲ್ಲೊಬ್ಬ ಕಟ್ಟಿಗೆಯವನನ್ನು ನಿಲ್ಲಿಸಿದರೆ ಪ್ರತಿ ಸರದಿಗೂ ಇಷ್ಟಿಷ್ಟೇ ಬರುತ್ತಲೇ ಇರುತ್ತದೆ, ಆದರೆ ಆ ನೆಲದಲ್ಲಿ ಕಾಳು ಬೆಳೆಯುವುದಿಲ್ಲ. ಕಾಳಿಲ್ಲದಿದ್ದರೆ ಜನ ಸಾಯುತ್ತಾರೆ, ಕಟ್ಟಿಗೆಯಿಲ್ಲದಿದ್ದರೆ ಊರು ಬೆಳೆಯುವುದಿಲ್ಲ. ಮೂರನೆಯ ಇಯತ್ತೆಯ ಮಕ್ಕಳಿಗೂ ತಿಳಿಯುವ ಈ ಲೆಕ್ಕ ಇತಿಹಾಸದ ಅತಿಥಿ ಉಪನ್ಯಾಸಕ ಬಸವಲಿಂಗನಿಗೆ ನಾಲ್ಕು ತಿಂಗಳಾದರೂ ಬಗೆಹರಿದಿರಲಿಲ್ಲ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಬೈಲಹೊಂಗಲದ ತನ್ನ ಮನೆಯ ಪಡಸಾಲೆಯಲ್ಲಿ, ಬರೀ ಬನಿಯನ್ನಿನಲ್ಲಿ ಕೂತು ಅವನು ಕಂಪ್ಯೂಟರಿನ ಪರದೆಯನ್ನೇ ದಿಟ್ಟಿಸುತ್ತಿದ್ದ. ಒಳಗೆ ಹೆಂಡತಿ ಶೀತಲ ರೊಟ್ಟಿ ಬಡಿಯುತ್ತಿದ್ದಳು. ಮೊದಮೊದಲ ಹುರುಪಿನಲ್ಲಿ ಅವನು ಆಟದ ರಾಜಧಾನಿಯ ಸುತ್ತಲಿನ ಕಾಡನ್ನೆಲ್ಲ ಕಡಿಸಿ ಹಾಕಿದ್ದ. ಉಗ್ರಾಣ ತುಂಬಿದೆ, ಇನ್ನು ಮೇಲೆ ಬಂದದ್ದೆಲ್ಲ ವ್ಯರ್ಥ ಎಂದು ಆಟ ಎಚ್ಚರಿಸಿದರೂ ಕೇಳದೆ ಕಡಿಸಿದ್ದ. ಹಸಿರು ಹೋಗಿ ಬಯಲು ಬಿದ್ದರೆ ಅದೇನೋ ಒಂದು ಸಮಾಧಾನ, ಯಾರೋ ತನ್ನ ಮಾತು ಕೇಳಿದರಲ್ಲ ಎಂಬ ಸಮಾಧಾನ. ಈಗ ನೋಡಿದರೆ ಹಡಗುಕಟ್ಟೆ ಅರ್ಧಕ್ಕೆ ನಿಂತಿತ್ತು, ಬಡಗಿಗಳು ಕೈಕಟ್ಟಿ ಕೂತಿದ್ದರು, ಒಂದು ತುಂಡು ಕಟ್ಟಿಗೆಗೆ ಗತಿಯಿರಲಿಲ್ಲ. ಉಳಿದದ್ದು ಒಂದೇ ಹಸಿರು ಚೌಕ. ಅದರ ಮಗ್ಗುಲಲ್ಲಿ ಅಲ್ಲಿಯ ಮೂಲದ ಜನರ ನಾಲ್ಕು ಗುಡಿಸಲು.

ಇದು ಸಮುದ್ರ ದಾಟಿ ಬಂದು ಹೊಸ ನೆಲದಲ್ಲಿ ವಸಾಹತು ಕಟ್ಟುವ ಆಟ. ಯಾವ ದೇಶದವನಾಗಿ ಬರುತ್ತೀ ಎಂದು ಆಟ ಮೊದಲಿಗೇ ಕೇಳುತ್ತದೆ. ಇಂಗ್ಲಿಷರು ಸಲೀಸು ಎಂದು ತಿಳಿದವರು ಹೇಳಿದ್ದರು. ಆದರೆ ಬೈಲಹೊಂಗಲದಲ್ಲಿ ಕೂತು ಇಂಗ್ಲಿಷರವನಾಗುವುದೆಂದರೆ ಹೇಗೆ? ನಾಡಿದ್ದು ತರಗತಿಯಲ್ಲಿ ಕಿತ್ತೂರಿನ ಪಾಠ ಮಾಡಬೇಕು, ಮುಂದಿನ ಬೆಂಚಿನ ಹುಡುಗಿಯರು ಪ್ರತಿ ವರ್ಷ ಅದೇ ಪಾಠಕ್ಕೆ ಕಣ್ಣು ಅರಳಿಸುತ್ತಾರೆ. ಅದಕ್ಕೇ ಡಚ್ಚರವನಾದ. ಮಾಡುವ ಕೆಲಸ ಅದೇ ಆದರೂ ಬಾವುಟವಾದರೂ ಬೇರೆಯಾಯಿತಲ್ಲ. ಊರುಗಳಿಗೆ ಮಾತ್ರ ಹೊರಗಿನ ಹೆಸರು ಬಾಯಿಗೆ ಬರಲಿಲ್ಲ. ಮುರಗೋಡ, ದೇಗಾಂವ, ಸವದತ್ತಿ ಎಂದು ಇಟ್ಟುಕೊಂಡು ಬಂದ. ರಾಜಧಾನಿಗೆ ಕಿತ್ತೂರು ಎಂದು ಬೆರಳಚ್ಚಿಸಿ, ಅದರ ಮೇಲೆ ಪರದೇಶದ ಬಾವುಟ ಹಾರುವುದನ್ನು ಕಂಡು ಮೈ ಜುಮ್ಮೆಂದು ಅಳಿಸಿಬಿಟ್ಟ. ದೊಡವಾಡ ಎಂದು ಹಾಕಿದ. ಹುಟ್ಟಿದ ಊರು, ಅದರ ಮೇಲೆ ಯಾವ ಬಾವುಟವಿದ್ದರೂ ಯಾರು ಕೇಳುತ್ತಾರೆ.

ಗುಡಿಸಲುಗಳಿಂದ ಒಬ್ಬ ಮುಖ್ಯಸ್ಥ ಬಂದು ಪರದೆಯ ನಡುವೆ ನಿಂತಿದ್ದ. ಇದು ನಮ್ಮ ಅಪ್ಪ ಅಜ್ಜಂದಿರ ಕಾಡು, ಇದನ್ನು ಮುಟ್ಟಬೇಡಿ ಎನ್ನುತ್ತಿದ್ದ. ಉತ್ತರ ಕೊಡಲು ಮೂರು ಗುಂಡಿಗಳು: ಬಿಟ್ಟು ಹೋಗುತ್ತೇವೆ, ಕಾಣಿಕೆ ಕೊಡುತ್ತೇವೆ, ಇದು ಇನ್ನು ನಮ್ಮದು. ಬಸವಲಿಂಗ ಯಾವುದನ್ನೂ ಒತ್ತಲಿಲ್ಲ. ಆಗಲೇ ಬಾಗಿಲಲ್ಲಿ ಯಾರೋ ಕೆಮ್ಮಿದ ಸದ್ದಾಯಿತು. ಯಾರೆಂದು ತಿರುಗಿ ನೋಡುವ ಮೊದಲೇ ಅವನಿಗೆ ಗೊತ್ತಾಯಿತು. ಲಗಮಪ್ಪ. ದೊಡವಾಡದ ಹೊಲದಲ್ಲಿ ಐವತ್ತು ವರ್ಷ ದುಡಿದ ಲಗಮಪ್ಪ, ಮೊದಲ ಬಸ್ಸಿಗೆ ಬಂದಿರಬೇಕು, ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟಿದ್ದ.

"ಬರ್ರಿ ಲಗಮಪ್ಪ, ಒಳಗ ಬರ್ರಿ," ಅಂದ ಬಸವಲಿಂಗ. ಲಗಮಪ್ಪ ಹಿಂದೆ ತಿರುಗಿ ನೋಡಿದ, ತನ್ನ ಬೆನ್ನಿಗೆ ಬೇರೆ ಯಾರಾದರೂ ದೊಡ್ಡವರು ಬಂದಿದ್ದಾರೋ ಏನೋ ಎಂದು. ಬಸವಲಿಂಗನ ಅಪ್ಪ ಅವನನ್ನು ಲಗಮ್ಯಾ ಎನ್ನುತ್ತಿದ್ದ, ಅಣ್ಣ ನಿಜಗುಣಪ್ಪ ಲಗಮ ಎನ್ನುತ್ತಾನೆ. ಎಂ.ಎ. ಮಾಡಿದ ಮೇಲೆ ಬಸವಲಿಂಗ ಬಹುವಚನ ಹಿಡಿದಿದ್ದ. ಅದು ಇಬ್ಬರಿಗೂ ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು. ಕುರ್ಚಿ ತೋರಿಸಿದರೆ ಲಗಮಪ್ಪ ಹೊಸ್ತಿಲ ಮೇಲೇ ಕೂತ. ಶೀತಲ ಚಹಾ ತಂದಳು. ಗಂಡನಿಗೆ ಪಿಂಗಾಣಿ ಕಪ್ಪು, ಲಗಮಪ್ಪನಿಗೆ ಕಾಗದದ ಕಪ್ಪು. ಆ ಕಾಗದದ ಕಪ್ಪುಗಳ ಕಟ್ಟು ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಯಾವಾಗಲೂ ಇರುತ್ತಿತ್ತು. ಯಾಕೆ ಇರುತ್ತದೆ ಎಂದು ಅವನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ತೊಳೆಯುವ ತ್ರಾಸು ತಪ್ಪುತ್ತದೆ ಎಂದು ಇಬ್ಬರೂ ನಂಬಿಕೊಂಡಿದ್ದರು.

"ಸಣ್ಣ ಸಾವ್ಕಾರ್ರ, ಒಂದ ಮಾತ ಕೇಳಾಕ ಬಂದೇನ್ರಿ," ಅಂದ ಲಗಮಪ್ಪ. "ನಮ್ಮ ಹುಣಸಿ ಗಿಡಾ ಕಡಸ್ತೇನಿ ಅಂತಾರ ನಿಮ್ಮ ಅಣ್ಣಾರು. ನೆಳ್ಳ ಬಿದ್ದ ಬೆಳಿ ಬರವಲ್ದಂತ. ಇವತ್ತ ಮಷೀನ ಬರತೈತಂತ. ಹೊಲದ ಉತಾರದಾಗ ಇಬ್ಬರ ಹೆಸರೈತಿ, ಇಬ್ಬರೂ ಸಹಿ ಹಾಕಿದ್ರಷ್ಟ ಕಡ್ಯಾಕ ಬರತೈತಿ ಅಂತ ನಮ್ಮ ಮೊಮ್ಮಗ ಅಜಿತ ಹೇಳಿದ. ನೀವು ಹಾಕೀರೇನ್ರಿ?"

ಹಾಕಿದ್ದ. ಹೋದ ಮಂಗಳವಾರ ಅಣ್ಣನ ಮಗಳು ಮಧು ಕಾಲೇಜಿಗೆಂದು ಸ್ಕೂಟಿಯ ಮೇಲೆ ಬಂದವಳು, ಅಪ್ಪ ಕೊಟ್ಟಾನ ಕಾಕಾ, ನಾಕ ಕಡೆ ಸಹಿ ಬೇಕಂತ, ಎಂದು ಕಾಗದಗಳನ್ನು ಕೀಲಿಮಣೆಯ ಪಕ್ಕ ಇಟ್ಟಿದ್ದಳು. ಆಗ ಆಟದ ದೇಗಾಂವದಲ್ಲಿ ಕಾಳು ತೀರಿ ಜನ ಬಿಟ್ಟು ಹೋಗುವುದರಲ್ಲಿದ್ದರು. ಎಡಗೈಯಲ್ಲಿ ಕಾಗದ ಒತ್ತಿಹಿಡಿದು, ಬಲಗೈಯನ್ನು ಮೌಸಿನಿಂದ ಒಂದು ಗಳಿಗೆ ಮಾತ್ರ ತೆಗೆದು, ಪರದೆಯ ಮೇಲಿನ ಕಣ್ಣು ಕೀಳದೆ ಅವನು ನಾಲ್ಕು ಕಡೆ ಬಸವಲಿಂಗನಾದ. ಓದಿ ನೋಡು ಕಾಕಾ ಅಂದಿದ್ದಳು ಮಧು, ನಗುತ್ತಲೇ. ಹೂಂ ಅಂದಿದ್ದ. ಬೆಳೆ ವಿಮೆಯದಿರಬೇಕು ಎಂದುಕೊಂಡ. ಏನೂ ಅಂದುಕೊಳ್ಳಲಿಲ್ಲ ಎಂದರೇ ನಿಜ. ಎರಡು ದಿನ ಬಿಟ್ಟು ಅಣ್ಣ ಫೋನು ಮಾಡಿ, ಹುಣಸಿ ಗಿಡದ ಸಲುವಾಗಿ ನೀ ತಕರಾರ ತಗೀತಿ ಅಂದ್ಕೊಂಡಿದ್ದೆ ಬಸೂ, ಶಾಣ್ಯಾ ಆಗೀ ನೋಡು, ಅಂದಾಗಲೇ ಗೊತ್ತಾದದ್ದು. ಆಗಲೂ ಬಾಯಿ ಬಿಡಲಿಲ್ಲ. ನೋಡದೆ ಹಾಕಿದೆ ಎಂದು ಯಾವ ಮುಖದಿಂದ ಹೇಳುವುದು? ವರ್ಷದಲ್ಲಿ ಏಳೇ ತಿಂಗಳು ಪಗಾರ ಬರುವ ನೌಕರಿ, ಮನೆಗೆ ಜೋಳ ಬರುವುದು ಅಣ್ಣನಿಂದ. ಇಷ್ಟರ ಮೇಲೆ ನಲವತ್ತೊಂದು ವರ್ಷದವ ಆಟ ಆಡುತ್ತ ಸಹಿ ಮಾಡಿದ ಎಂದಾದರೆ ದೊಡವಾಡದ ಕಟ್ಟೆಯ ಮೇಲೆ ಹತ್ತು ವರ್ಷ ನಕ್ಕಾರು.

"ಇಲ್ಲ," ಅಂದ ಬಸವಲಿಂಗ. "ನಾ ಯಾಕ ಹಾಕ್ಲಿ?"

ಲಗಮಪ್ಪನ ಮುಖ ಬಿಚ್ಚಿಕೊಂಡಿತು. ಆ ಮುಖವನ್ನು ನೋಡಬಾರದಿತ್ತು. "ನಂಗ ಗೊತ್ತಿತ್ರಿ! ಮನ್ಯಾಕಿ ಕೃಷ್ಣವ್ವಗ ಅದನ್ನ ಹೇಳಿ ಬಂದೇನಿ, ಸಣ್ಣ ಸಾವ್ಕಾರ್ರು ಹಾಕಂಗಿಲ್ಲ, ನಮ್ಮ ಹೆಗಲ ಮ್ಯಾಲೆ ಆಡಿದ ಕೂಸು ಅಂತ. ರಾತ್ರಿಯೆಲ್ಲ ಅತ್ತಾಳ್ರಿ ಅಕಿ. ಗಿಡದ ತುಂಬ ಹಣ್ಣ ಐತಿ." ಚಹಾ ಕುಡಿದ. ನಿರಾಳವಾದ ಮನುಷ್ಯನಿಗೆ ಬರುವ ಕುತೂಹಲದಿಂದ ಕತ್ತು ಚಾಚಿ ಪರದೆ ನೋಡಿದ. "ಅದೇನ್ರಿ ಅದು, ಹಸರು?"

"ಅಡವಿ. ಆಟದಾಗಿನ ಅಡವಿ."

"ಕಡೀತೀರೇನ್ರಿ?"

"ನೋಡಬೇಕು. ಕಡದ್ರ ಕಟ್ಟಿಗಿ ಒಮ್ಮಿ ಅಷ್ಟ ಬರತೈತಿ."

"ಬಾಜೂಕ ಮನಿ ಕಾಣತಾವಲ್ರಿ. ಯಾರವು?"

"ಮೊದಲಿಂದ ಅಲ್ಲೇ ಇದ್ದವರವು."

"ಹಂಗಾರ ಅವರನ್ನ ಕೇಳಿ ಕಡೀರಿ ಮತ್ತ," ಎಂದು ಲಗಮಪ್ಪ ತಾನೇ ಆಡಿದ ಚೇಷ್ಟೆಗೆ ತಾನೇ ನಕ್ಕು ಎದ್ದ. ಹೋಗುವಾಗ ಕುಡಿದ ಕಾಗದದ ಕಪ್ಪನ್ನು ಮುದ್ದೆ ಮಾಡಿ ಅಂಗಿಯ ಕಿಸೆಯಲ್ಲಿ ಹಾಕಿಕೊಂಡ. ತಾನು ಕುಡಿದದ್ದನ್ನು ಆ ಮನೆಯಲ್ಲಿ ಬೇರೆ ಯಾರೂ ಎತ್ತಿಹಾಕಬಾರದು ಎಂದು. ಬಸವಲಿಂಗ ಗೇಟಿನವರೆಗೂ ಹೋಗಲಿಲ್ಲ. ಕರೆದು ಹೇಳಲು ಇನ್ನೂ ಅವಕಾಶವಿತ್ತು. ಲಗಮಪ್ಪ ಬಗ್ಗಿ ಚಪ್ಪಲಿ ಮೆಟ್ಟುವಷ್ಟು ಹೊತ್ತು, ಓಣಿಯ ತಿರುವಿನ ಹಿಟ್ಟಿನ ಗಿರಣಿ ದಾಟುವಷ್ಟು ಹೊತ್ತು ಇತ್ತು. ಆಮೇಲೆ ಇರಲಿಲ್ಲ.

ಆ ಹುಣಸೆಯ ಗಿಡ ಹಳ್ಳದ ದಂಡೆಯ ಹೊಲದಲ್ಲಿತ್ತು. ಲಗಮಪ್ಪನ ಅಜ್ಜ ಮೂರು ಬೇಸಿಗೆ ಹಳ್ಳದಿಂದ ಕೊಡ ಹೊತ್ತು ಅದನ್ನು ಬದುಕಿಸಿದನಂತೆ. ಅಂದಿನಿಂದ ನೆಲ ಇವರದು, ಹಣ್ಣು ಅವರದು. ಎಲ್ಲಿಯೂ ಬರೆದದ್ದಲ್ಲ, ಯಾರೂ ಮುರಿದದ್ದೂ ಅಲ್ಲ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಲಗಮಪ್ಪನ ಮನೆಯವರೆಲ್ಲ ಗಳ ಹಿಡಿದು ಬಂದು ಹಣ್ಣು ಬಡಿಯುತ್ತಿದ್ದರು. ವರ್ಷದಲ್ಲಿ ಅದೊಂದೇ ದಿನ ಅವರು ಆ ಹೊಲಕ್ಕೆ ಕೂಲಿಗಲ್ಲದೆ ಕಾಲಿಡುತ್ತಿದ್ದರು. ಅಂದು ಕೃಷ್ಣವ್ವ ಹಸಿರು ಬಳೆ ತೊಟ್ಟು ಬರುತ್ತಿದ್ದಳು, ಅಂದು ಮಾತ್ರ ಜೋರಾಗಿ ಮಾತಾಡುತ್ತಿದ್ದಳು. ಚಿಕ್ಕವನಿದ್ದಾಗ ಬಸವಲಿಂಗ ಆ ದಿನ ಅವಳ ಕೈಯಿಂದ ಹುಣಸೆಹಣ್ಣು ಬೆಲ್ಲ ಕುಟ್ಟಿದ ಉಂಡೆ ತಿಂದು ಮನೆಗೆ ಬಂದರೆ ಅವ್ವ ಹಿತ್ತಲ ಬಾಗಿಲಲ್ಲೇ ನಿಲ್ಲಿಸಿ ತಲೆಯ ಮೇಲೆ ನೀರು ಸುರಿಯುತ್ತಿದ್ದಳು. ಬಾಯಲ್ಲಿ ಇನ್ನೂ ಹುಳಿ ಇರುತ್ತಿತ್ತು, ಕಣ್ಣಲ್ಲಿ ನೀರು. ಬೈದದ್ದು ಅವ್ವನಾದರೂ ಮರುದಿನ ಕೃಷ್ಣವ್ವನನ್ನು ಕಂಡರೆ ನಾಚಿಕೆಯಾಗುತ್ತಿದ್ದದ್ದು ತನಗೆ. ಯಾಕೆ ತನಗೆ?

ಅವನು ಮೂರನೆಯ ಗುಂಡಿ ಒತ್ತಿದ. ಇದು ಇನ್ನು ನಮ್ಮದು. ಕೊಡಲಿಯವನು ಹಸಿರಿನೊಳಗೆ ಹೋದ, ಕಟ್ಟಿಗೆ ಬಂದು ಬಿತ್ತು, ಹಡಗುಕಟ್ಟೆ ಏಳತೊಡಗಿತು, ಗುಡಿಸಲುಗಳ ಮೇಲೆ ಕೆಂಪು ಗುರುತು ಮೂಡಿತು. ಥೂ ಎಂದುಕೊಂಡು, ಮೊದಲೇ ಉಳಿಸಿಟ್ಟ ಆಟವನ್ನು ಮತ್ತೆ ತೆರೆದ. ಹಸಿರು ಇದ್ದಲ್ಲೇ ಇತ್ತು. ಮುಖ್ಯಸ್ಥ ಮತ್ತೆ ಬಂದು ನಿಂತು ಅದೇ ಮಾತು ಹೇಳಿದ, ಏನೂ ಆಗಿಲ್ಲವೆಂಬಂತೆ. ಹನ್ನೊಂದರ ಹೊತ್ತಿಗೆ ಅಣ್ಣನ ಫೋನು ಬಂತು.

"ಬಸೂ, ಇದ್ದಂಗ ಎದ್ದ ಬಾ. ಮಷೀನ ಬಂದ ನಿಂತೈತಿ, ಲಗಮ ನೀರ ಹಾಕವಲ್ಲ. ಆ ಸಹಿ ನಿಂದಲ್ಲಂತ, ನಾನ ಖೊಟ್ಟಿ ಮಾಡೇನಂತ, ನಾಕ ಮಂದ್ಯಾಗ ಅಂದ. ನಮ್ಮ ಹೊಲದಾಗ ನಿಂತ ನನಗ! ಬಂದ ನೀನ ಹೇಳಿ ಹೋಗು."

ಇದೊಂದು ರೂಢಿ. ಗಿಡಕ್ಕೆ ಕೊಡಲಿ ಹಾಕುವ ಮೊದಲು ಅದನ್ನು ಬೆಳೆಸಿದ ಮನೆಯವರು ಬುಡಕ್ಕೆ ಒಂದು ಚರಿಗೆ ನೀರು ಹಾಕಿ, ಇಂಥವರು ಕಡಿಸುತ್ತಿದ್ದಾರೆ ಎಂದು ಹೆಸರು ಹೇಳಿ ಅಪ್ಪಣೆ ಬೇಡಬೇಕು. ಹಾಗೆ ಮಾಡದೆ ಕಡಿಸಿದ ಮನೆ ಏಳಿಗೆಯಾಗದು ಎಂದು ಹೆದರಿಕೆ. ನಿಜಗುಣಪ್ಪ ಟ್ರ್ಯಾಕ್ಟರು ಕೊಂಡ, ಡ್ರೋನಿನಿಂದ ಔಷಧಿ ಹೊಡೆಸಿದ, ಆದರೆ ಅಪ್ಪಣೆಯಿಲ್ಲದೆ ಒಂದು ನುಗ್ಗೆಯ ಟೊಂಗೆಯನ್ನೂ ತೆಗೆಸಿದವನಲ್ಲ.

ದೊಡವಾಡದ ಬಸ್ಸಿನಲ್ಲಿ ಕಿಟಕಿಗೆ ಕೂತು ಬಸವಲಿಂಗ ಎರಡು ಉತ್ತರಗಳನ್ನು ಮನಸ್ಸಿನಲ್ಲಿ ಹೊರಳಿಸಿದ. ನನ್ನದಲ್ಲ ಎನ್ನಬಹುದು. ಗಿಡ ಉಳಿಯುತ್ತದೆ, ಅಣ್ಣ ಕಳ್ಳನಾಗುತ್ತಾನೆ, ಜೋಳ ನಿಲ್ಲುತ್ತದೆ. ನನ್ನದೇ, ಆದರೆ ನೋಡದೆ ಹಾಕಿದೆ, ಈಗ ಒಲ್ಲೆ ಎನ್ನಬಹುದು. ಗಿಡ ಉಳಿಯುತ್ತದೆ, ಯಾರೂ ಕಳ್ಳರಾಗುವುದಿಲ್ಲ, ತನ್ನ ಮರ್ಯಾದೆಯಷ್ಟೇ ಹೋಗುತ್ತದೆ. ಎಷ್ಟು ಸುಲಭ! ಇದನ್ನೇ ಹೇಳುತ್ತೇನೆ ಎಂದು ನಿರ್ಧರಿಸಿದಾಗ ಬಸ್ಸು ಒಂದು ಹಳ್ಳ ದಾಟುತ್ತಿತ್ತು, ಅವನಿಗೆ ಉಸಿರು ಹಗುರಾಯಿತು, ಎದುರಿನ ಸೀಟಿನ ಮುದುಕಿಗೆ ಕಿಟಕಿಯ ಗಾಜು ಸರಿಸಿಕೊಟ್ಟ. ಮೂರನೆಯ ಉತ್ತರವನ್ನು ಅವನು ಯೋಚಿಸಲೇ ಇಲ್ಲ. ಕಡಲೆ ಕಿತ್ತ ಹೊಲಗಳು ಕರ್ರಗೆ ಬಿದ್ದಿದ್ದವು. ಮೈಲಿಗೊಂದು ಗಿಡವೂ ಇರಲಿಲ್ಲ, ಅದು ಇವತ್ತೇ ಕಣ್ಣಿಗೆ ಬಿತ್ತು. ಇಪ್ಪತ್ತು ವರ್ಷದಿಂದ ಇದೇ ದಾರಿಯಲ್ಲಿ ಓಡಾಡಿದ್ದ.

ಹೊಲಕ್ಕೆ ಹೋದರೆ ಜಾತ್ರೆಗೆ ನೆರೆದಷ್ಟು ಮಂದಿಯೇನೂ ಇರಲಿಲ್ಲ, ಏಳೆಂಟು ಜನ. ಕಟ್ಟಿಗೆ ಅಡ್ಡೆಯ ಲಾರಿ, ಅದರ ಡ್ರೈವರು, ಗರಗಸದ ಮಷೀನು ಹಿಡಿದ ಒಬ್ಬ, ಬದುವಿನ ಮೇಲೆ ಕೂತ ಕೂಲಿಯವರು. ಅಣ್ಣ ಬಿಳಿ ಟೊಪ್ಪಿಗೆ ತೆಗೆದು ತೊಡೆಗೆ ಬಡಿದುಕೊಳ್ಳುತ್ತ ನಿಂತಿದ್ದ. ಮಧು ಅಪ್ಪನ ಊಟದ ಗಂಟು ತಂದವಳು ಅಲ್ಲೇ ನೆರಳಲ್ಲಿ ನಿಂತಿದ್ದಳು. ಕೃಷ್ಣವ್ವ ಯಾರನ್ನೂ ನೋಡದೆ, ತಲೆ ತಗ್ಗಿಸಿ, ಗಾಳಿಗೆ ಉದುರಿದ ಹಣ್ಣುಗಳನ್ನು ಸೆರಗಿಗೆ ಆಯ್ದುಕೊಳ್ಳುತ್ತಿದ್ದಳು. ಹಸಿರು ಬಳೆ ತೊಟ್ಟಿದ್ದಳು. ಗಿಡದ ಬುಡದಲ್ಲಿ ಲಗಮಪ್ಪ ಹಿತ್ತಾಳೆಯ ಚರಿಗೆ ಮುಂದಿಟ್ಟುಕೊಂಡು ಕೂತಿದ್ದ. ಬಸವಲಿಂಗನನ್ನು ಕಂಡದ್ದೇ ಎದ್ದು ನಿಂತ. ಅವನ ಮುಖದಲ್ಲಿ ಬೆಳಗಿನ ಆ ಬೆಳಕು ಇನ್ನೂ ಹಾಗೇ ಇತ್ತು.

"ಬಂದ್ರು ನೋಡ್ರಿ!" ಎಂದು ಎಲ್ಲರಿಗೂ ಕೇಳುವಂತೆ ಅಂದ. "ಕೇಳ್ರಿ ಅವರನ್ನ. ಮುಂಜಾನಿ ಅವರ ಬಾಯಿಂದನ ಕೇಳಿ ಬಂದೇನಿ ನಾ."

ನಿಜಗುಣಪ್ಪ ಕಾಗದವನ್ನು ತಮ್ಮನ ಮುಖದ ಮುಂದೆ ಹಿಡಿದ. "ಇದು ಯಾರ ಸಹಿ? ನಿಂದೋ, ಅಲ್ಲೋ? ಒಂದ ಮಾತ ಹೇಳಿ ಮುಗಸು."

ಸಹಿ ಚೆಂದಾಗಿಯೇ ಬಿದ್ದಿತ್ತು. ನೋಡದೆ ಹಾಕಿದರೂ ಇಷ್ಟು ಚೆಂದ ಬೀಳುತ್ತದೆಯೇ ಎಂದು ಅವನಿಗೆ ಒಂದು ಕ್ಷಣ ಅನಿಸಿತು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತು ನಾಲಿಗೆಯ ಮೇಲೇ ಇತ್ತು. ಅಣ್ಣಾ, ನಾನು ನೋಡದೆ ಎಂದು ತೊಡಗಿದರೆ ಉಳಿದದ್ದು ತಾನಾಗಿ ಬರುತ್ತಿತ್ತು. ಅಷ್ಟರಲ್ಲಿ ಮಧುವಿನ ಕಣ್ಣು ಕಂಡಿತು. ಅವಳು ಅವನನ್ನೇ ನೋಡುತ್ತಿದ್ದಳು, ಅವಳ ಬಾಯಿ ಅರ್ಧ ತೆರೆದಿತ್ತು, ತುಟಿಯ ತುದಿಯಲ್ಲಿ ಮಂಗಳವಾರದ ಆ ನಗು. ಅವಳಿಗೆ ಗೊತ್ತಿತ್ತು. ಕಾಕಾನನ್ನು ಬಿಡಿಸಲೆಂದೇ, ಪ್ರೀತಿಯಿಂದಲೇ ಅವಳು ಈಗ ಹೇಳುತ್ತಾಳೆ: ಅಪ್ಪಾ, ಕಾಕಾ ಕಂಪ್ಯೂಟರಿನ್ಯಾಗ ಆಟಾ ಆಡಾಕತ್ತಿದ್ದ, ನೋಡ್ಲೇ ಇಲ್ಲ. ಲಾರಿಯ ಡ್ರೈವರು ನಗುತ್ತಾನೆ. ಬದುವಿನ ಮೇಲಿನವರು ನಗುತ್ತಾರೆ. ಅಣ್ಣ ನಗುವುದಿಲ್ಲ, ಹಣೆ ಚಚ್ಚಿಕೊಳ್ಳುತ್ತಾನೆ. ತಾನೇ ಹೇಳುವುದು ಬೇರೆ, ಹುಡುಗಿಯ ಬಾಯಿಂದ ಹೊರಬೀಳುವುದು ಬೇರೆ.

"ನಂದ," ಅಂದುಬಿಟ್ಟ. ಅದೂ ಸಾಲದೆಂದು, ಮಧುವಿನ ಕಡೆಗೆ ನೋಡದೆ, "ಓದಿ, ತಿಳಕೊಂಡ ಹಾಕೇನಿ."

ಮಧು ಬಾಯಿ ಮುಚ್ಚಿಕೊಂಡಳು. ಅವಳ ಮುಖದಿಂದ ನಗು ಹೋಯಿತು. ಅವಳು ಮುಂದೆಂದೂ ತನ್ನನ್ನು ಆ ಹಿಂದಿನ ಕಣ್ಣಿನಿಂದ ನೋಡಲಾರಳು ಎಂಬುದು ಅವನಿಗೆ ಆಗಲೇ ತಿಳಿಯಿತು, ಅದಕ್ಕೂ ಏನೂ ಮಾಡುವ ಹಾಗಿರಲಿಲ್ಲ. ಲಗಮಪ್ಪ ಬೈಯುತ್ತಾನೆ, ಮುಂಜಾನೆ ಹೀಗಂದಿರಿ ಎಂದು ಜಗಳ ತೆಗೆಯುತ್ತಾನೆ ಎಂದು ಬಸವಲಿಂಗ ಕಾದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಲಗಮಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಜಗುಣಪ್ಪನ ಮುಂದೆ ಕೈ ಮುಗಿದ.

"ತಪ್ಪಾತ್ರಿ ದೊಡ್ಡ ಸಾವ್ಕಾರ್ರ. ನಾನ ತಪ್ಪ ಕೇಳಿಸ್ಕೊಂಡ ಬಂದಿರಬೇಕು. ವಯಸ್ಸಾತು. ಹೊಟ್ಟ್ಯಾಗ ಹಾಕ್ಕೋರಿ."

"ಇರಲಿ ಬಿಡೋ ಲಗಮ," ಅಂದ ನಿಜಗುಣಪ್ಪ, ಗೆದ್ದ ಮನುಷ್ಯನ ಔದಾರ್ಯದಲ್ಲಿ. "ಹಣ್ಣ ಎಲ್ಲಾ ಬಡಕೊಂಡ ಹೋಗ್ರಿ, ಯಾರ ಬ್ಯಾಡ ಅಂತಾರ? ಈಗ ನೀರ ಹಾಕು, ಹೊತ್ತಾತು."

ಲಗಮಪ್ಪ ಚರಿಗೆ ಎತ್ತಿಕೊಂಡ. ಗಿಡದ ಕಡೆಗಲ್ಲ, ಬಸವಲಿಂಗನ ಕಡೆಗೆ ಬಂದ. ಎರಡೂ ಕೈಯಿಂದ ಹಿಡಿದು ಚಾಚಿದ.

"ನೀವ ಹಾಕ್ರಿ. ಇಷ್ಟ ದಿನ ನಮ್ಮದಿತ್ತು, ನಾವು ಹಾಕ್ತಿದ್ವಿ. ಈಗ ಗಿಡಾ ನಿಮ್ದ ಆತಲ್ರಿ."

"ಹಾಕ ಹಾಕ, ಯಾರ ಹಾಕಿದ್ರೇನು," ಅಂದ ಅಣ್ಣ ದೂರದಿಂದ.

ಚರಿಗೆ ತಣ್ಣಗಿತ್ತು, ತುಂಬಿತ್ತು. ಬಸವಲಿಂಗ ಬುಡಕ್ಕೆ ಹೋಗಿ ಬಗ್ಗಿದ. ಕಾಂಡದಲ್ಲಿ ಅವನ ಎದೆಯ ಮಟ್ಟಕ್ಕೆ ಒಂದು ಹಳೆಯ ಗಂಟು ಇತ್ತು. ಚಿಕ್ಕವನಿದ್ದಾಗ ಅದರ ಮೇಲೆ ಕಾಲಿಟ್ಟು ಲಗಮಪ್ಪನ ಹೆಗಲಿನಿಂದ ಮೇಲಿನ ಟೊಂಗೆಗೆ ದಾಟಿಕೊಳ್ಳುತ್ತಿದ್ದ. ನೀರು ಸುರಿದ. ಫಾಲ್ಗುಣದ ಬಿಸಿಲಿಗೆ ಬಿರುಕು ಬಿಟ್ಟ ಎರೆ ನೆಲ ಅಷ್ಟೂ ನೀರನ್ನು ಸದ್ದಿಲ್ಲದೆ ಒಳಗೆ ತೆಗೆದುಕೊಂಡಿತು. ಎದ್ದು ನಿಂತು ಇನ್ನೇನು ಎಂಬಂತೆ ಸುತ್ತ ನೋಡಿದ.

"ಹೆಸರ ಹೇಳ್ರಿ," ಅಂದ ಲಗಮಪ್ಪ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಚಿಕ್ಕವನಿಗೆ ಗಳ ಹಿಡಿಯುವುದನ್ನು ಹೇಳಿಕೊಟ್ಟ ದನಿಯೇ ಅದು. "ಯಾರ ಕಡಸಾಕತ್ತಾರ ಅಂತ ಅದಕ್ಕ ಗೊತ್ತಾಗಬೇಕಲ್ರಿ."

"ಬಸವಲಿಂಗ," ಅಂದ.

"ಕೇಳಸಲಿಲ್ರಿ."

ಮಷೀನು ಹಿಡಿದವನು ಅದನ್ನು ಚಾಲೂ ಮಾಡುವ ಹಗ್ಗಕ್ಕೆ ಕೈ ಹಾಕಿ ಕಾಯುತ್ತಿದ್ದ. ಮಧು ಬೇರೆ ಕಡೆ ನೋಡುತ್ತಿದ್ದಳು. ತರಗತಿಯಲ್ಲಿ ಹಿಂದಿನ ಬೆಂಚಿಗೆ ಕೇಳಲೆಂದು ಏರಿಸುವ ದನಿಯಲ್ಲಿ ಅವನು ತನ್ನ ಹೆಸರನ್ನು ಮತ್ತೊಮ್ಮೆ ಹೇಳಿದ. ಆಗ ಕೃಷ್ಣವ್ವ, ಸೆರಗಿನ ತುಂಬ ಹಣ್ಣು ಹಿಡಿದವಳು, ಅಷ್ಟು ಹೊತ್ತಿನಲ್ಲಿ ಮೊದಲ ಸಲ ತಲೆ ಎತ್ತಿ ಅದು ಯಾರ ಹೆಸರು ಎಂದು ನೋಡಿದಳು.